ದೋಸ್ತಾಳ ಹಿಂದೆ ಬಂದದ್ದು

ಹಿಟ್ಟು ಒಂದುಗೂಡುತ್ತಿರಲಿಲ್ಲ. ಇನ್ನೊಂದು ಬೊಗಸೆ ನೀರು ಬೇಕು ಎಂದು ದೋಸ್ತಾ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು. ನಾದಿನಿ ಬಿಸೆರಾ, "ಇದ್ದಿದ್ರಲ್ಲೇ ಹೊಂದಿಸ್ಕೋ" ಎಂದು ಬಿಂದಿಗೆಯನ್ನು ಒಳಗೆ ಒಯ್ದಿದ್ದಳು. ತಮ್ಮ ತ್ರಾಯ್ಚೆ ಕತ್ತೆಯ ಪಟ್ಟಿ ಹೊಲಿಯುತ್ತ, ಅವಳು ಹೇಳಿ ಮುಗಿಸುವ ಮೊದಲೇ "ಹೂಂ, ಹೂಂ" ಎಂದಿದ್ದ. ಈಗ ನಾದುವ ಮರದ ದೋಣಿಯಲ್ಲಿ ಹಿಟ್ಟು ಮರಳಿನ ಹಾಗೆ ಬೆರಳ ಸಂದಿಯಿಂದ ಉದುರುತ್ತಿತ್ತು. ಅವಳು ಅದನ್ನು ಮುಷ್ಟಿಯಿಂದ ಗುದ್ದಿದಳು. ದೇವರ ಪೀಠದ ಮೇಲೆ ಕೂರುವ ರೊಟ್ಟಿ ಅದು, ಅದರ ಮೇಲೆ ಸಿಟ್ಟು ಮಾಡಬಾರದು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಅಜ್ಜಿಗೇನು ಸಿಟ್ಟು ಬರುತ್ತಿರಲಿಲ್ಲವೇ? ಐದನೆಯದೂ ಹೆಣ್ಣು ಎಂದು ಸೂಲಗಿತ್ತಿ ಬಂದು ಹೇಳಿದಾಗ ಅಂಗಳದಲ್ಲಿ ನಿಂತು, ಆಕಾಶಕ್ಕೆ ಕೇಳಿಸುವಷ್ಟು ಜೋರಾಗಿ "ದೋಸ್ತಾ" ಎಂದು ಕೂಗಿದ್ದಳಂತೆ. ಅವರ ಮಾತಿನಲ್ಲಿ ಹಾಗೆಂದರೆ ಸಾಕು ಎಂದು. ಅದೇ ಹೆಸರಾಗಿ ಉಳಿಯಿತು. ಯಾರು ಕರೆದರೂ ಸಾಕು, ಎಲ್ಲಿಂದ ಕರೆದರೂ ಸಾಕು. ದೇವರು ಆ ಒಂದು ಕೂಗನ್ನು ಮಾತ್ರ ತಕ್ಷಣ ಕೇಳಿಸಿಕೊಂಡು ಮುಂದಿನ ವರ್ಷವೇ ತ್ರಾಯ್ಚೆಯನ್ನು ಕಳಿಸಿಬಿಟ್ಟ. ಅಜ್ಜಿಯ ಸಿಟ್ಟಿಗೆ ಇದ್ದ ಬೆಲೆ ತನ್ನದಕ್ಕೆ ಯಾಕಿಲ್ಲವೋ.

ಇವತ್ತು ಬೆಳಿಗ್ಗೆಯೂ ಆ ದೇವರ ದೂತ ಬಂದಿದ್ದ. ಚರ್ಚಿನ ಗೋಡೆಗೆ ಆತುಕೊಂಡಿರುವ ಈ ಒಲೆಮನೆಯ ಬಾಗಿಲಲ್ಲಿ, ಹೋದ ವಾರ ನಿಂತ ಹಾಗೆಯೇ, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದ. ಚರ್ಚಿನ ಪಟಗಳಲ್ಲಿರುವವರ ಹಾಗೆ ತಲೆಯ ಸುತ್ತ ಚಿನ್ನದ ತಟ್ಟೆಯಿರಲಿಲ್ಲ. ತುಂಬ ದೂರ ನಡೆದು ಬಂದವನ ದಣಿವಿತ್ತು. ಆದರೂ ಅವನು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಾಳಿಯಲ್ಲಿದ್ದ ಹಿಟ್ಟಿನ ಪುಡಿ ಕೆಳಗಿಳಿಯುವುದನ್ನು ಮರೆತು ನಿಂತಿತ್ತು. ಒಲೆಯ ಉರಿ ಅವನ ಕಡೆಗೆ ಬಾಗಿತ್ತು.

"ಮೇಲೆ ಹೋಗು," ಎಂದಿದ್ದ. "ಬುಗ್ಗೆ ಮೇಲೆ ಲಾಮ್ಯಾ ಮಲಗಿದೆಯಲ್ಲ, ಅದಕ್ಕೆ ಏಳು ಅಂತ ಹೇಳು."

"ಆಮೇಲೆ?"

"ಅಷ್ಟೇ ಹೇಳೋಕೆ ಹೇಳಿದ್ದಾರೆ."

"ನೀವೇ ಹೋಗಿ ಹೇಳಿ. ನನಗೆ ಮಂಡಿ ನೋವು."

"ನನಗೆ ಅಪ್ಪಣೆ ಆಗಿರೋದು ನಿನಗೆ ಹೇಳೋಕೆ."

"ಯೋಶೆಗೆ ಹೇಳಿ, ಬಂದೂಕು ಹಿಡಿದವನು ಅವನು. ಪಾದ್ರಿಗಳಿಗೆ ಹೇಳಿ. ನಾನು ಹೇಳಿದ್ರೆ ನಮ್ಮನೆ ಕೋಳಿನೂ ಗೂಡಿಗೆ ಹೋಗಲ್ಲ."

ಅವನದು ವಿಳಾಸ ತಪ್ಪಿತೇನೋ ಎಂದು ಅನುಮಾನಪಡುವ ಅಂಚೆಯವನ ಮುಖ. "ದೋಸ್ತಾ ಅಂದ್ರೆ ನೀನೇ ತಾನೆ?" ಎಂದು ಕೇಳಿದ್ದ. ಹೌದು ಎಂದಳು. "ಹಾಗಾದ್ರೆ ನೀನೇ," ಎಂದು ಹೊರಟುಬಿಟ್ಟ. ಪುಡಿ ಒಮ್ಮೆಲೇ ಕೆಳಗೆ ಬಿತ್ತು. ಅವಳಿಗೆ ಅಳು ಬರುವಷ್ಟು ಕೋಪ ಬಂದಿತ್ತು. ಅಮ್ಮ ಕೆಮ್ಮಿ ಕೆಮ್ಮಿ ಗೋಡೆಯ ಕಡೆ ತಿರುಗಿ ಮಲಗಿದ್ದ ಚಳಿಗಾಲದಲ್ಲಿ ಇದೇ ಚರ್ಚಿನ ಕಲ್ಲಿನ ಮೇಲೆ ಮಂಡಿಯೂರಿ ಕೇಳಿಕೊಂಡಿದ್ದಳು. ಬಾಣಲೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದ, ಅವಳ ರೊಟ್ಟಿಯನ್ನು ಕಣ್ಣು ಮುಚ್ಚಿ ತಿನ್ನುತ್ತಿದ್ದ ಆ ವೆವ್ಚಾನಿ ಊರಿನವನು ಮತ್ತೊಮ್ಮೆ ಬರಲಿ ಎಂದು ಕೇಳಿಕೊಂಡಿದ್ದಳು. ಆಗ ಒಂದು ಗುಬ್ಬಚ್ಚಿಯೂ ಬಂದು ಏನು ಎಂದು ಕೇಳಲಿಲ್ಲ. ಈಗ ಅವರಿಗೆ ಕೆಲಸವಾಗಬೇಕಾಗಿದೆ, ಹಿಟ್ಟು ನಾದುವ ಹೊತ್ತಿಗೇ ಬರುತ್ತಾರೆ.

ಲಾಮ್ಯಾ ಎಂಬ ಆ ಬೆಂಕಿಯುಸಿರಿನ ಘೋರಸರ್ಪ ಬೆಟ್ಟದಿಂದ ಇಳಿದು ಬಂದದ್ದು ಪ್ಲಮ್ ಗಿಡಗಳು ಕಾಯಿ ಕಟ್ಟುವ ಹೊತ್ತಿಗೆ. ಅಜ್ಜಿಯ ಕಾಲದಲ್ಲೂ ಒಮ್ಮೆ ಬಂದಿತ್ತಂತೆ. ಈ ಸಲ ಬಂದು ಊರ ಮೇಲಿನ ಬುಗ್ಗೆಗೆ ಅಡ್ಡಲಾಗಿ ಮಲಗಿತು, ಮಲಗಿದ್ದು ಏಳಲಿಲ್ಲ. ಕೊಳವೆಯಲ್ಲಿ ಈಗ ಬರುವುದು ದಾರದಂಥ ನೀರು. ಮೆಣಸಿನ ಗಿಡಗಳು ಬುಡದಿಂದ ಹಳದಿಯಾದವು, ಪ್ಲಮ್ ಮರದಲ್ಲೇ ಮುದುಕಿಯಾಯಿತು. ಬಂದೂಕು ಹಿಡಿದು ಹೋದ ಯೋಶೆ ಬರಿಗೈಯಲ್ಲಿ, ಬಿಳಿ ಕೂದಲಲ್ಲಿ ಬಂದ. ಬಲಗೈ ಈಗಲೂ ನಡುಗುತ್ತದೆ, ರಕಿಯಾ ಹೆಂಡದ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಾನೆ, ಮಾತು ಮಾತ್ರ ಮೊದಲಿಗಿಂತ ಜಾಸ್ತಿ. ಕೊನೆಗೆ ಪಾದ್ರಿ ಗ್ಲಿಗೊರ್ ದೂರದ ಮಠಕ್ಕೆ ಹೇಳಿ ಕಳಿಸಿದ್ದರು. ಹಿಂದೊಮ್ಮೆ ಇಂಥದ್ದನ್ನೇ ಕೊಂದ ಸಂತ ಜಾರ್ಜನದೆಂದು ಹೇಳುವ ಭರ್ಜಿ ಅಲ್ಲಿದೆ. ಅದನ್ನು ಹಿಡಿದು ಒಬ್ಬ ಸನ್ಯಾಸಿ ಇವತ್ತಿನ ಬಸ್ಸಿಗೆ ಬರುತ್ತಾನೆ. ಅದಕ್ಕೇ ಈ ರೊಟ್ಟಿ. ಅದಕ್ಕೇ ಎಲ್ಲರೂ ಅಂಗಳ ಗುಡಿಸುತ್ತಿರುವುದು.

ಅವಳು ಕೈ ಒರೆಸಿಕೊಂಡು ಪಾದ್ರಿಗಳನ್ನು ಹುಡುಕಿಕೊಂಡು ಹೋದಳು. ಹೇಳಿಬಿಟ್ಟರೆ ತನ್ನ ತಲೆಯಿಂದ ಇಳಿಯುತ್ತದೆ. ದೊಡ್ಡವರು, ಓದಿದವರು, ಏನು ಮಾಡಬೇಕೋ ಅವರು ಮಾಡಲಿ. ಗ್ಲಿಗೊರ್ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಬಾವುಟ ಯಾವ ಕಡೆ ಕಟ್ಟಬೇಕೆಂದು ಇಬ್ಬರಿಗೆ ಕೈ ತೋರಿಸುತ್ತಿದ್ದರು. ಹೋದ ಭಾನುವಾರ ಅವರು ಅವಳ ರೊಟ್ಟಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, "ಶಿಲುಬೆ ನಡುವೆ ಬಿರುಕು ಬಿಟ್ಟಿದೆ, ಇದನ್ನ ದೇವರಿಗೆ ಹೇಗೆ ಕೊಡೋದು?" ಎಂದಿದ್ದರು. ನೀರು ಸಾಲದೆ ಬಿಟ್ಟ ಬಿರುಕು ಎಂದು ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಗಾಯನ ಶುರುವಾಯಿತು. ಆ ತೆರೆದ ಬಾಯನ್ನು ಏನು ಮಾಡುವುದೆಂದು ತಿಳಿಯದೆ ಅವಳೂ ಹಾಡಿದ್ದಳು.

"ಪಾದ್ರಿಗಳೇ, ನಿಮ್ಮ ಹತ್ರ ಒಂದು ಮಾತು."

"ರೊಟ್ಟಿ ಆಯ್ತಾ?"

"ಇಲ್ಲ, ರೊಟ್ಟಿ ಅಲ್ಲ. ಒಲೆಮನೆಗೆ ಒಬ್ಬರು ಬಂದಿದ್ರು..."

"ಯಾರಿಗೂ ಈಗ ಕೊಡಬೇಡ. ಮೊದಲು ಅತಿಥಿಗೆ. ಆಮೇಲೆ ಉಳಿದವರು." ಅವರು ಬಾವುಟದ ಕಡೆ ತಿರುಗಿದರು. "ಇನ್ನೂ ಮೇಲೆ, ಇನ್ನೂ ಮೇಲೆ."

"ಅವರು ಮೇಲಿಂದ ಬಂದವರು, ಪಾದ್ರಿಗಳೇ."

"ಮೇಲಿನ ಕೇರಿಯವರಿಗೂ ಆಮೇಲೇ."

ಪಕ್ಕದ ಬೆಂಚಿನ ಮೇಲೆ ಕೂತಿದ್ದ ಯೋಶೆ ನಕ್ಕ. "ಏ ದೋಸ್ತಾ, ಹೋಗಿ ಹಿಟ್ಟಿನ ಹತ್ರ ಮಾತಾಡು ಹೋಗು. ಅದು ಎದ್ದು ಹೋಗಲ್ಲ." ಬೆಂಚಿನವರೆಲ್ಲ ನಕ್ಕರು. ಅವಳೂ ಸ್ವಲ್ಪ ನಕ್ಕಳು; ನಗದಿದ್ದರೆ ಇನ್ನೊಂದು ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ವಾಪಸು ಬರುವಾಗ ಆ ನಗು ಬಾಯಲ್ಲಿ ಬೂದಿಯ ಹಾಗೆ ಉಳಿದಿತ್ತು. ತಾನು ಯಾಕೆ ನಕ್ಕೆ? ಒಂದು ದಿನವಾದರೂ ನಗದೆ ಇರುವುದಕ್ಕೆ ಏನು ಕಷ್ಟ? ಸರಿ, ಹೇಳುವುದಕ್ಕೆ ಹೋಗಿದ್ದೆ, ಕೇಳಲಿಲ್ಲ. ಇದು ನನ್ನ ತಪ್ಪಲ್ಲ ಎಂದು ಬಾಗಿಲ ಕಡೆ ನೋಡಿ ಗಟ್ಟಿಯಾಗಿಯೇ ಅಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಸ್ಸಿನ ಸದ್ದು, ಗಂಟೆ, ಮಕ್ಕಳ ಕೂಗು ಎಲ್ಲ ಕೇಳಿಸಿತು. ಅವಳು ಹೋಗಲಿಲ್ಲ, ರೊಟ್ಟಿ ಒಲೆಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಕತ್ತಲಾಯಿತು. ಮತ್ತೆ ಅವನೇ ಎಂದುಕೊಂಡಳು, ಅವನಲ್ಲ. ಎತ್ತರದ, ಕಿವಿ ದೊಡ್ಡದಾದ, ಗಡ್ಡ ಇನ್ನೂ ಸರಿಯಾಗಿ ತುಂಬದ ಒಬ್ಬ ಸನ್ಯಾಸಿ, ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಭರ್ಜಿ. ಮುಖ ಬಸ್ಸಿನ ತಿರುವುಗಳಿಂದ ಬಿಳಿಚಿಕೊಂಡಿತ್ತು.

"ಇಲ್ಲಿ ಸ್ವಲ್ಪ ಕೂತ್ಕೋಬಹುದಾ?" ಎಂದ. "ಅವರೆಲ್ಲ ನನ್ನನ್ನೇ ನೋಡ್ತಿದಾರೆ."

ಅವನ ಹೆಸರು ಹ್ರಿಸಾಂತ್. ಮಠದಲ್ಲಿ ಜೇನುಪೆಟ್ಟಿಗೆ ನೋಡಿಕೊಳ್ಳುವವನು. ಅವಳು ಕೇಳದಿದ್ದರೂ ಹೇಳುತ್ತ ಹೋದ. ಭರ್ಜಿಯನ್ನು ಎತ್ತಲು ಎತ್ತರದವನು ಬೇಕೆಂದು ಮಠದ ಹಿರಿಯರು ಸಾಲಿನಲ್ಲಿ ಎಲ್ಲರನ್ನೂ ನಿಲ್ಲಿಸಿ ನೋಡಿದರಂತೆ. "ನಾನು ಬಗ್ಗಿ ನಿಂತಿದ್ದೆ, ಆದ್ರೂ ಆಗಲಿಲ್ಲ," ಎಂದ. "ನಾನು ಇದುವರೆಗೆ ಒಂದು ಕೋಳೀನೂ ಕೊಂದಿಲ್ಲ, ಅಮ್ಮ. ಯಾರಿಗೂ ಹೇಳಬೇಡಿ." ಅವನ ಕೈಬೆರಳುಗಳು ಭರ್ಜಿಯ ಬಟ್ಟೆಯ ನೂಲನ್ನು ಎಳೆಯುತ್ತಿದ್ದವು. ಈಗ ಹೇಳಬೇಕು ಎಂದು ಅವಳಿಗೆ ಅನ್ನಿಸಿತು. ನೀನು ಹೋಗಬೇಡಪ್ಪ, ಅದು ನನ್ನ ಕೆಲಸ, ನನಗೆ ಹೇಳಿ ಹೋಗಿದ್ದಾರೆ. ಮಾತು ನಾಲಗೆಯ ತುದಿಗೆ ಬಂದಿತ್ತು. ಈ ಹುಡುಗನಂಥವನು ಪೂರ್ತಿ ಕೇಳುತ್ತಿದ್ದ ಕೂಡ; ಇಡೀ ದಿನದಲ್ಲಿ ಕೇಳುವ ಕಿವಿಯೊಂದು ಸಿಕ್ಕಿದ್ದು ಆಗಲೇ. ಆದರೆ ಹೇಳಿದರೆ ತಾನೇ ಹೋಗಬೇಕಾಗುತ್ತದೆ. ಅವಳು ಒಲೆಯಿಂದ ರೊಟ್ಟಿ ತೆಗೆದು, ಮುರಿದು, ಮೆಣಸಿನಕಾಯಿ ಉಪ್ಪಿನ ಜೊತೆ ಅವನ ಮುಂದಿಟ್ಟಳು.

"ತಿನ್ನು. ಹೊಟ್ಟೆ ತುಂಬಿದ್ರೆ ಧೈರ್ಯ ಬರುತ್ತೆ," ಎಂದಳು.

ತಿಂದ. ಚೆನ್ನಾಗಿದೆ ಎಂದ. ಎದ್ದು ಹೋದ. ಚರ್ಚಿನ ಮುಂದೆ ಹಾಡು ಕೇಳಿಸಿತು, ಆಮೇಲೆ ಹಾಡು ಊರ ಕೊನೆಯವರೆಗೆ ಹೋಗಿ ಅಲ್ಲಿಯೇ ನಿಂತಿತು. ಮುಂದಕ್ಕೆ ಅವನೊಬ್ಬನೇ ಹತ್ತುವುದು ಕಿಟಕಿಯಿಂದ ಕಾಣಿಸುತ್ತಿತ್ತು, ಕಪ್ಪು ಬಟ್ಟೆ, ಭುಜದ ಮೇಲೆ ಬಿಸಿಲಿಗೆ ಹೊಳೆಯುವ ಕಬ್ಬಿಣ. ಒಂದೆರಡು ಕಡೆ ಎಡವಿದ. ಒಮ್ಮೆ ನಿಂತು ಹಿಂದೆ ನೋಡಿದ. ಕೆಳಗಿನವರು ಕೈ ಬೀಸಿದರು. ಅವನು ಮತ್ತೆ ಹೊರಟ. ಅವಳು ಬೂದಿ ಬಳಿಯಲು ಕೂತಳು. ಬಳಿದ ಜಾಗವನ್ನೇ ಮತ್ತೆ ಬಳಿದಳು. ಧೈರ್ಯ ಬರುತ್ತೆ ಎಂದೆನಲ್ಲ, ಎಷ್ಟು ಸಲೀಸಾಗಿ ಬಂತು ಆ ಮಾತು, ಬಿಸೆರಾ ಹೇಳುವ ಹಾಗೆಯೇ, ಇದ್ದಿದ್ರಲ್ಲೇ ಹೊಂದಿಸ್ಕೋ. ಕೋಳೀನೂ ಕೊಂದಿಲ್ಲದವನ ಕೈಗೆ ರೊಟ್ಟಿ ತುರುಕಿ ಕಳಿಸಿದೆ. ಅವನು ಸತ್ತರೆ? ಸತ್ತರೆ ಇನ್ನೊಬ್ಬನನ್ನು ಕಳಿಸುತ್ತಾರೆ. ಆ ದಣಿದವನು ಮತ್ತೆ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬೈಯುವುದಿಲ್ಲ, ಏಳು ಅಂತ ಹೇಳು ಎಂದಷ್ಟೇ ಹೇಳುತ್ತಾನೆ. ಅವಳು ಬಳಿಯುವ ಬಟ್ಟೆಯನ್ನು ಗೋಡೆಗೆ ಎಸೆದಳು. "ನಿಮಗೆ ಬೇರೆ ಯಾರೂ ಸಿಗಲಿಲ್ವಾ?" ಎಂದು ಬರಿಯ ಒಲೆಯನ್ನು ಕೇಳಿ, ಏಪ್ರನ್ನು ಬಿಚ್ಚುವುದನ್ನೂ ಮರೆತು, ಹಿತ್ತಲ ಬಾಗಿಲಿನಿಂದ ಬೆಟ್ಟದ ಕಡೆ ಹೊರಟಳು.

ಹತ್ತುವಾಗ ಪ್ರಾರ್ಥನೆ ಬರಲಿಲ್ಲ, ಬೈಗುಳವೇ ಬಂತು. ಮಂಡಿಗೆ ಬೈದಳು, ಕಲ್ಲಿಗೆ ಬೈದಳು, ತನ್ನನ್ನು ಐದನೆಯವಳಾಗಿ ಹುಟ್ಟಿಸಿದ್ದಕ್ಕೆ ಬೈದಳು. ಚಿಕ್ಕವಳಿದ್ದಾಗ ಇದೇ ದಾರಿಯಲ್ಲಿ ಅಕ್ಕಂದಿರ ಹಿಂದೆ ನೀರಿಗೆ ಹೋಗುತ್ತಿದ್ದಳು. ನಾಲ್ವರೂ ಮುಂದೆ ಏನೋ ಮಾತಾಡಿ ನಗುತ್ತಿದ್ದರು. ಏನದು ಎಂದು ಓಡಿ ಹೋಗಿ ಕೇಳುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. ಏನೂ ಇಲ್ಲ ಕಣೇ ಎನ್ನುತ್ತಿದ್ದರು. ಈಗ ಎದುರಿನಿಂದ ಬಿಸಿ ಗಾಳಿ ಬಂತು, ಅದರಲ್ಲಿ ನೆನೆದ ದನದ ಮೈಯಂಥ ವಾಸನೆ. ಪೊದೆ ದಾಟಿದರೆ ಅದು ಅಲ್ಲಿಯೇ ಇತ್ತು.

ಚರ್ಚಿನ ಪಟದಲ್ಲಿ ಸಂತ ಜಾರ್ಜನ ಕುದುರೆಯ ಕಾಲ ಕೆಳಗೆ ಹಾವಿನ ಮರಿಯಂತೆ ಬಿದ್ದಿರುವುದನ್ನು ನೋಡಿದ್ದವಳಿಗೆ ಅದು ಇಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ. ಬುಗ್ಗೆಯ ಬಂಡೆಯಿಂದ ಈಚೆಯ ದಿಬ್ಬದವರೆಗೂ ಮೈ. ಒಣಗಿದ ಹೊಳೆಯ ಕಲ್ಲುಗಳಂಥ ಹಳದಿ ಹುರುಪೆ. ನಾಯಿಯದೋ ಹಸುವಿನದೋ ಹೇಳಲಾಗದ ತಲೆ. ಭರ್ಜಿ ಎರಡು ತುಂಡಾಗಿ ಅದರ ಮುಂಗಾಲ ಹತ್ತಿರ ಬಿದ್ದಿತ್ತು. ಹ್ರಿಸಾಂತ್ ಒಂದು ಬಂಡೆಯ ನೆತ್ತಿಯಲ್ಲಿ ಮಂಡಿ ಅಪ್ಪಿಕೊಂಡು ಕೂತಿದ್ದ. ಒಂದು ತೋಳಿನ ಬಟ್ಟೆ ಸುಟ್ಟು ಚರ್ಮ ಕೆಂಪಗಾಗಿತ್ತು. ಅದು ಅವನನ್ನೇ ನೋಡುತ್ತಿತ್ತು. ಅವನು ಸ್ವಲ್ಪ ಅಲುಗಿದರೆ ಅದರ ಗಂಟಲಲ್ಲಿ ಏನೋ ಕುದಿಯುವ ಸದ್ದಾಗುತ್ತಿತ್ತು.

"ಅಮ್ಮ, ವಾಪಸ್ ಹೋಗಿ," ಎಂದು ಅವನು ಪಿಸುಗುಟ್ಟಿದ.

ಅವಳು ಹೋಗಲಿಲ್ಲ, ಕಾಲು ಬರಲಿಲ್ಲವೆಂದೂ ಹೇಳಬಹುದು. ಪಾದ್ರಿ ಗ್ಲಿಗೊರರ ಧ್ವನಿಯನ್ನು ನೆನಪಿಸಿಕೊಂಡು, ಕೈಯೆತ್ತಿ ಶಿಲುಬೆಯ ಗುರುತು ಮಾಡಿ, "ದೇವರ ಹೆಸರಿನಲ್ಲಿ ಆಜ್ಞಾಪಿಸುತ್ತೇನೆ, ಏಳು," ಎಂದಳು. ಅವಳ ಕಿವಿಗೇ ಅದು ಬೇರೆಯವರ ಅಂಗಿ ಹಾಕಿಕೊಂಡ ಹಾಗೆ ಕೇಳಿಸಿತು. ಅದು ಅವಳ ಕಡೆ ತಿರುಗಿ ನೋಡಿತು. ಏಳಲಿಲ್ಲ. ಇನ್ನೊಮ್ಮೆ ಹೇಳಿದಳು, ಇನ್ನೂ ಜೋರಾಗಿ. ಮೂಗಿನಿಂದ ಹೊಗೆ ಬಿಟ್ಟಿತು ಅಷ್ಟೇ. ಅವಳಿಗೆ ಹೆದರಿಕೆಗಿಂತ ಮೊದಲು ನಾಚಿಕೆಯಾಯಿತು. ಆ ಹುಡುಗ ನೋಡುತ್ತಿದ್ದಾನೆ. ಇಲ್ಲಿಯೂ ಇದೇ ಕಥೆಯೇ? ಇಷ್ಟು ಹತ್ತಿಸಿ, ಇಷ್ಟು ಅನ್ನಿಸಿ, ಇಲ್ಲಿಯೂ ನನ್ನ ಮಾತು ನಡೆಯುವುದಿಲ್ಲವೇ? ಅವಳು ಒಂದು ಕಲ್ಲಿನ ಮೇಲೆ ಕೂತಳು.

ಕೂತವಳು ಶುರು ಮಾಡಿದಳು. ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೂ ಸ್ಪಷ್ಟವಿರಲಿಲ್ಲ, ದೇವರಿಗೋ, ದಣಿದವನಿಗೋ, ಎದುರಿಗೆ ಮಲಗಿದ್ದ ಪ್ರಾಣಿಗೋ. ಒಂದು ಬೊಗಸೆ ನೀರು ಕೇಳಿದೆ, ಒಂದು ಬೊಗಸೆ. ಬಿರುಕು ನೀರಿಲ್ಲದೆ ಬಿಟ್ಟದ್ದು, ನನ್ನ ಕೈಯಿಂದಲ್ಲ, ನಾನು ಇಷ್ಟೂ ವರ್ಷ ರೊಟ್ಟಿ ಮಾಡಿದ್ದೇನೆ, ಯಾವತ್ತಾದರೂ ಬಿರುಕು ಬಿಟ್ಟಿತ್ತೇ? ಅಮ್ಮ ಸಾಯುವ ದಿನ ದೋಸ್ತಾ ಎಂದು ನನ್ನನ್ನು ಕರೆದದ್ದು, ಸಾಕು ಎಂದದ್ದಲ್ಲ, ಕರೆದದ್ದು, ಅಕ್ಕಂದಿರು ಅದನ್ನು ನಂಬಲಿಲ್ಲ. ಕಲಾಯಿಯವನು ಹೋಗುವಾಗ ಬೇಲಿಯ ಹತ್ತಿರ ನಿಂತಿದ್ದ, ನಾನು ಏನೋ ಹೇಳಬೇಕಾಗಿತ್ತು, ಹೇಳಲಿಲ್ಲ, ಈಗ ಏನೆಂದು ನೆನಪೂ ಇಲ್ಲ. ಹೇಳುತ್ತ ಹೇಳುತ್ತ ಅವಳ ಧ್ವನಿ ಇಳಿಯಿತು. ಬಿಸಿಲು ಬಂಡೆಯಿಂದ ಬಂಡೆಗೆ ಸರಿಯಿತು. ಒಂದು ಹಂತದಲ್ಲಿ ತಲೆಯೆತ್ತಿ ನೋಡಿದಾಗ ಅದರ ಕಿವಿಗಳು, ಅದಕ್ಕೆ ಕಿವಿಗಳಿದ್ದವು, ಹರಿದ ಚಿಕ್ಕ ಕಿವಿಗಳು, ಅವಳ ಕಡೆ ತಿರುಗಿದ್ದವು. ಅವಳು ಮಾತು ನಿಲ್ಲಿಸಿದರೆ ಅದು ಕಾಯುತ್ತಿತ್ತು. ಅವಳಿಗೆ ಇನ್ನೇನೂ ಹೇಳುವುದು ಉಳಿದಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಯಾರನ್ನಾದರೂ ಎಬ್ಬಿಸುವ ಹಾಗೆ, ದಣಿದು, "ಏಳು," ಎಂದಳು.

ಅದು ಎದ್ದಿತು. ಏಳುವುದು ಅದಕ್ಕೆ ಸುಲಭವಿರಲಿಲ್ಲ. ಒಂದು ಕಾಲನ್ನು ಮೈಯಡಿಯಿಂದ ಎಳೆದುಕೊಂಡು, ಅದು ಜಾರಿ, ಮತ್ತೆ ಊರಿ, ಹಿಂಗಾಲು ನಡುಗಿ, ಕೊನೆಗೆ ಇಡೀ ಬೆಟ್ಟವೇ ನಿಟ್ಟುಸಿರು ಬಿಟ್ಟಂತೆ ನಿಂತಿತು. ಅದರ ಹೊಟ್ಟೆಯಡಿಯಿಂದ ನೀರು ಮೊದಲು ಕೆಸರಾಗಿ, ಆಮೇಲೆ ಬಿಳಿಯಾಗಿ, ಕೂಗಿಕೊಂಡು ಕೆಳಗೆ ನುಗ್ಗಿತು. ಹ್ರಿಸಾಂತ್ ಬಂಡೆಯಿಂದ ಜಾರಿ ಬಂದು ಆ ನೀರಿಗೆ ಸುಟ್ಟ ತೋಳನ್ನು ಹಿಡಿದು ಅತ್ತ. ಅವಳು ಎರಡು ಬೊಗಸೆ ಕುಡಿದಳು. ಸರಿ, ಮುಗಿಯಿತು, ಹೇಳಿದ್ದು ಅಷ್ಟೇ ಎಂದುಕೊಂಡು ಕೆಳಗಿಳಿಯಲು ತಿರುಗಿದಳು. ಹಿಂದಿನಿಂದ ಕಲ್ಲು ಉರುಳಿದ ಸದ್ದು ಬಂತು. ಅದು ಹಿಂದೆ ಬರುತ್ತಿತ್ತು.

"ಹೋಗು," ಎಂದಳು. ಅದು ನಿಂತು ನೋಡಿತು. ಎಲ್ಲಿಗೆ ಎಂದು ಕೇಳುವ ಹಾಗೆ. ಅವಳು ಹೆಜ್ಜೆಯಿಟ್ಟರೆ ಅದೂ ಇಟ್ಟಿತು. ಹ್ರಿಸಾಂತ್ ದೂರದಿಂದ, "ಇದನ್ನ ಈಗ ಏನ್ ಮಾಡ್ಬೇಕು ಅಂತ ಯಾರಾದ್ರೂ ಹೇಳಿದ್ದಾರಾ?" ಎಂದು ಕೇಳಿದ. "ಯಾರೂ ಏನೂ ಹೇಳಿಲ್ಲ," ಎಂದು ಅವಳು ಅವನ ಮೇಲೆ ರೇಗಿದಳು. "ಏಳು ಅಂತ ಹೇಳು ಅಂದ್ರು. ಅಷ್ಟು ಹೇಳಿ ಹೋದ್ರು."

ಊರೊಳಗೆ ಕಾಲುವೆ ತುಂಬಿ ಹರಿಯುತ್ತಿತ್ತು. ಜನ ಅದರೊಳಗೆ ನಿಂತು ಮುಖ ತೊಳೆಯುತ್ತ, ಮಕ್ಕಳ ಮೇಲೆ ಎರಚುತ್ತ ಇದ್ದವರು ದಾರಿಯ ತಿರುವಿನಲ್ಲಿ ಮೊದಲು ಹ್ರಿಸಾಂತನನ್ನು ಕಂಡು ಜಯಕಾರ ಹಾಕಿದರು. ಅವನು ಎರಡೂ ಕೈ ಬೀಸಿ ಬೇಡ ಬೇಡ ಎನ್ನುತ್ತಿದ್ದ. ಆಮೇಲೆ ಅವಳನ್ನು ಕಂಡರು, ಅವಳ ಹಿಂದೆ ಬಂದದ್ದನ್ನು ಕಂಡರು. ಬಾಗಿಲುಗಳು ಒಂದರ ಮೇಲೊಂದು ಮುಚ್ಚಿಕೊಂಡವು. ಚರ್ಚಿನ ಮುಂದಿನ ಅಂಗಳದಲ್ಲಿ ಅವಳು ದಣಿದು ನಿಂತಳು. ಅದೂ ನಿಂತು, ತಲೆಯನ್ನು ತಗ್ಗಿಸಿ, ಕಾಲುವೆಯ ನೀರನ್ನು ಸದ್ದಿಲ್ಲದೆ ಕುಡಿಯಿತು. ಯಾರಿಗೂ ಏನೂ ಮಾಡಲಿಲ್ಲ. ಅದು ಏನೂ ಮಾಡುವುದಿಲ್ಲವೆಂದು ತಿಳಿಯುವಷ್ಟು ಹೊತ್ತಾದ ಮೇಲೆ ಬಾಗಿಲುಗಳು ತೆರೆದವು. ಯೋಶೆ ಕೊಡಲಿ ಹಿಡಿದು ಬಂದ. ಅವನ ಹಿಂದೆ ಕವೆಗೋಲು, ಸಲಿಕೆ, ಬಂದೂಕು.

"ಅದು ಇವಳ ಮಾತು ಕೇಳುತ್ತೆ," ಎಂದು ಯಾರೋ ಅಂದರು.

ಯೋಶೆ ಅವಳನ್ನು ನೋಡಿದ. ಅವನು ಅವಳನ್ನು ನಗದೆ ನೋಡಿದ್ದು ಅದೇ ಮೊದಲು. "ದೋಸ್ತಾ ಅಕ್ಕಾ," ಎಂದ, "ಅದಕ್ಕೆ ಮಲಗು ಅನ್ನು. ಕತ್ತು ನೆಲಕ್ಕೆ ಹಾಕಲಿ. ಆಮೇಲೆ ನಾವು ನೋಡ್ಕೋತೀವಿ."

ಪಾದ್ರಿ ಗ್ಲಿಗೊರ್ ಮೆಟ್ಟಿಲಿಳಿದು ಬಂದು, "ಹೇಳಮ್ಮ, ನಿಧಾನವಾಗಿ ಹೇಳು. ನಾವೆಲ್ಲ ಇದ್ದೀವಿ," ಎಂದರು. ಬಿಸೆರಾ ತುಂಬಿದ ಬಿಂದಿಗೆ ಹಿಡಿದು ನಿಂತಿದ್ದಳು, ಕಣ್ಣಲ್ಲಿ ನೀರಿತ್ತು. ಇಡೀ ಊರು ಅವಳ ಬಾಯಿಂದ ಒಂದು ಶಬ್ದ ಬೀಳಲಿ ಎಂದು ಕಾಯುತ್ತಿತ್ತು. ಇದಕ್ಕಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ. ಮಲಗು ಎಂದರೆ ಸಾಕು, ಮುಗಿಯಿತು. ನಾಳೆ ಊರಿನ ಊಟದಲ್ಲಿ ಅವಳಿಗೆ ಮೇಜಿನ ಮೊದಲ ಜಾಗ. ಪಾದ್ರಿಗಳು ಅವಳ ರೊಟ್ಟಿಯನ್ನು ಎತ್ತಿ ಹಿಡಿಯುತ್ತಾರೆ. ಅವಳು ಏನು ಹೇಳಿದರೂ ತ್ರಾಯ್ಚೆ ಕೊನೆಯವರೆಗೆ ಕೇಳುತ್ತಾನೆ. ಅದು ಮಲಗುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ನೀರು ಕುಡಿದು ಮುಗಿಸಿ, ಗದ್ದದಿಂದ ಹನಿ ಬೀಳಿಸುತ್ತ, ಅದೂ ಅವಳನ್ನೇ ನೋಡುತ್ತಿತ್ತು. ಹ್ರಿಸಾಂತ್ ಗುಂಪನ್ನು ತಳ್ಳಿಕೊಂಡು ಬಂದು ಕೊಡಲಿಗೂ ಅದರ ಕತ್ತಿಗೂ ನಡುವೆ ನಿಂತ. ಕೈಯಲ್ಲಿ ಏನೂ ಇರಲಿಲ್ಲ. "ಇದು ಬೇಡ," ಎಂದ. ಯೋಶೆ ಅವನನ್ನು ಪಕ್ಕಕ್ಕೆ ದೂಡಿದ. ಬಿದ್ದವನು ಎದ್ದು ಬಂದು ಮತ್ತೆ ಅಲ್ಲೇ ನಿಂತ.

ಅವಳು ಬಾಗಿಲುಗಳನ್ನು, ಮೂಲೆಗಳನ್ನು ನೋಡಿದಳು. ಆ ದಣಿದವನು ಈಗಲಾದರೂ ಬಂದು ಹೇಳಬಹುದಲ್ಲ. ಯಾವ ಬಾಗಿಲಲ್ಲೂ ಅವನಿರಲಿಲ್ಲ, ಗಾಳಿಯಲ್ಲಿ ಧೂಳು ನಿಂತಿರಲಿಲ್ಲ. ನನ್ನನ್ನು ಯಾಕೆ ಇಲ್ಲಿಗೆ ತಂದು ನಿಲ್ಲಿಸಿದಿರಿ ಎಂದು ಮನಸ್ಸಿನಲ್ಲೇ ಕೇಳಿದಳು. ಕಾಲನ್ನು ಮೈಯಡಿಯಿಂದ ಎಳೆದುಕೊಂಡ ಆ ಒದ್ದಾಟ ಕಣ್ಣಿಗೆ ಬಂತು. ಅಷ್ಟು ನೋವಿದ್ದೂ ಎದ್ದಿತಲ್ಲ, ನಾನು ಹೇಳಿದೆ ಎಂದು.

"ನಡಿ," ಎಂದಳು.

ಹೇಳಿ ಊರ ಆಚೆ ಬದಿಗೆ, ಕಣಿವೆಯಿಂದ ಮೇಲೆ ಹತ್ತುವ ದಾರಿಗೆ ತಿರುಗಿದಳು. ಅದು ಹಿಂದೆಯೇ ತಿರುಗಿತು; ಅದರ ಬಾಲ ಬಾವುಟದ ಕಂಬವನ್ನು ಉರುಳಿಸಿತು. ಮೊದಲು ಯಾರಿಗೂ ಅರ್ಥವಾಗಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ಹುಚ್ಚಿ ಎಂದರು. ಊರು ಹಾಳು ಮಾಡೋಳು ಎಂದರು. ಅದನ್ನು ಬಿಟ್ಟು ಬರುವ ಹಾಗಿದ್ದರೆ ಬಾ, ಇಲ್ಲದಿದ್ದರೆ ಈ ಕಡೆ ತಲೆ ಹಾಕಬೇಡ ಎಂದು ಯೋಶೆ ಕಿರುಚಿದ. ಒಂದು ಕಲ್ಲು ಬಂದು ಅವಳ ಬೆನ್ನಿಗೆ ತಾಗಿತು. ಲಾಮ್ಯಾದ ಗಂಟಲಲ್ಲಿ ಕುದಿಯುವ ಸದ್ದೆದ್ದಿತು. ಅವಳು ತಿರುಗದೆಯೇ "ಸುಮ್ನಿರು" ಎಂದಳು, ಸುಮ್ಮನಾಯಿತು. ಅವಳಿಗೆ ತನ್ನ ಮೇಲೆಯೇ ಅಸಾಧ್ಯ ಕೋಪ ಬರುತ್ತಿತ್ತು. ಒಂದು ಶಬ್ದ, ಒಂದೇ ಶಬ್ದ ಹೇಳಿದ್ದರೆ ಈಗ ಒಲೆಮನೆಯಲ್ಲಿ ಕಾಲು ಚಾಚಿ ಕೂತಿರಬಹುದಿತ್ತು.

ಕೊನೆಯ ಮನೆ ದಾಟಿದ ಮೇಲೆ ಹಿಂದಿನಿಂದ ಓಡುವ ಹೆಜ್ಜೆ ಕೇಳಿಸಿತು. ತ್ರಾಯ್ಚೆ. ಅದರ ಬಾಲದಿಂದ ಸಾಕಷ್ಟು ದೂರದಲ್ಲಿ, ಗದ್ದೆಯ ಬದುವಿನ ಮೇಲೆ ಸುತ್ತು ಹಾಕಿ ಮುಂದೆ ಬಂದು ನಿಂತ. ಕೈಯಲ್ಲಿ ಅವನ ಕುರಿತುಪ್ಪಳದ ಕೋಟಿತ್ತು.

"ಅಕ್ಕಾ, ಎಲ್ಲಿಗೆ?"

ಹೂಂ ಎನ್ನಲಿಲ್ಲ. ಅವಳು ಬಾಯಿ ತೆರೆಯುವವರೆಗೂ ಕಾದ.

"ಗೊತ್ತಿಲ್ಲ ಕಣೋ."

"ಮೇಲೆ ಚಳಿ ಇರುತ್ತೆ," ಎಂದ. ಹತ್ತಿರ ಬರಲು ಅವನಿಗೆ ಧೈರ್ಯವಾಗಲಿಲ್ಲ. ಕೋಟನ್ನು ದಾರಿಯ ನಡುವೆ, ಧೂಳಿನಲ್ಲಿ ಇಟ್ಟು ಹಿಂದೆ ಸರಿದ. ಕೈಗೇ ಕೊಡಬಾರದೇ, ಒಂದು ಹೆಜ್ಜೆ ಮುಂದೆ ಬಂದರೆ ಏನಾಗುತ್ತಿತ್ತು ಎಂದುಕೊಂಡಳು. ಬಗ್ಗಿ ಎತ್ತಿಕೊಂಡಳು. ತಲೆಯೆತ್ತಿದಾಗ ಅವನು ಬದುವಿನ ಮೇಲೆ ಬೆನ್ನು ಹಾಕಿ ನಡೆಯುತ್ತಿದ್ದ, ತೋಳಿನಿಂದ ಮುಖ ಒರೆಸಿಕೊಳ್ಳುತ್ತ.

ದಿಬ್ಬದ ನೆತ್ತಿಯಲ್ಲಿ ದಾರಿ ಎರಡಾಗಿತ್ತು. ಬಲಕ್ಕೆ ಇಳಿದರೆ ಹಿರಿಯಕ್ಕನ ಗಂಡನ ಊರು. ಸಂಜೆಯ ಹೊಗೆ ಏಳುತ್ತಿತ್ತು, ಯಾರದೋ ಮನೆಯಲ್ಲಿ ಮೆಣಸಿನಕಾಯಿ ಸುಡುವ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು. ಎಡಕ್ಕೆ ಕುರಿಯವರೂ ಬಿಟ್ಟುಹೋದ ಹುಲ್ಲುಗಾವಲು, ಅದರಾಚೆ ಬರಿಯ ಕಲ್ಲು, ಅದರಾಚೆ ಅವಳು ನೋಡಿಲ್ಲ. ಅವಳು ನಿಂತಳು. ಅದೂ ನಿಂತಿತು, ಅದರ ಬಿಸಿ ಉಸಿರು ಕತ್ತಿನ ಹಿಂಭಾಗಕ್ಕೆ ತಾಗುತ್ತಿತ್ತು. ಯಾರಾದರೂ ಹೇಳಲಿ ಎಂದು ಅವಳು ಬಹಳ ಹೊತ್ತು ಕಾದಳು. "ನನ್ನ ಮುಖ ಏನ್ ನೋಡ್ತೀಯಾ?" ಎಂದು ಅದರ ಮೇಲೆ ಸಿಡುಕಿದಳು. ಅದು ನೋಡುತ್ತಲೇ ಇತ್ತು. ಬಲಕ್ಕೆ ಹೋದರೆ ಅಕ್ಕ ಬಾಗಿಲು ತೆಗೆಯಬಹುದು, ಆ ಊರಿನಲ್ಲೂ ಕೊಡಲಿಗಳಿವೆ. ಹೊಗೆಯನ್ನು ಮತ್ತೊಮ್ಮೆ ನೋಡಿದಳು. ತಮ್ಮನ ಕೋಟು ಹಾಕಿಕೊಂಡಳು. ಗಂಡಸರ ಕೋಟು, ಗುಂಡಿ ಬೇರೆ ಬದಿಗೆ, ಹಾಕಲು ಬೆರಳು ತಡಕಾಡಬೇಕಾಯಿತು. ಆಮೇಲೆ ಎಡಕ್ಕೆ ತಿರುಗಿದಳು. ದಾರಿ ಕಡಿದಾಗಿತ್ತು, ಕಲ್ಲುಗಳು ಸಡಿಲವಿದ್ದವು.

"ನೋಡ್ಕೊಂಡು ಬಾ," ಎಂದಳು.